ಮೂರನೇ ಕೋಟು

ಮೂವತ್ತು ವರ್ಷ ನಾ ಮಾಡಿದ್ದು ಒಂದ ಕೆಲಸ:
ವಯಸ್ಸು ಮುಚ್ಚೂದು.
ಮಳಿಗಾಲ ಮುಗದು ಗ್ವಾಡಿ ಆರಿದ್ರ ಸಾಕು,
ಮಡಗಾಂವದಾಗ ನನ್ನ ಫೋನು ಬಡಕೊಳ್ಳಾಕ ಸುರು.
"ಫಕೀರ್, ನಾತಾಳದಕಿಂತ ಮೊದಲ ಆಗಬೇಕು ನೋಡು."
ಪಾಚಿ ಕೆರದು, ಬಿರುಕಿಗೆ ಪುಟ್ಟಿ ಮೆತ್ತಿ,
ಪಾಲಿಶ್ ಪೇಪರ್ ತಿಕ್ಕಿ, ಪ್ರೈಮರ್, ಮ್ಯಾಲ ಎರಡು ಕೋಟು.
ನೂರು ವರ್ಷದ ಮನಿ
ಮದಲಗಿತ್ತಿ ಹಂಗ ನಿಂತಿರತಿತ್ತು.

ಈಗ ಅರ್ಮಿಂದಾ ಬಾಯಿ
ಮೇಜಿನ ಮ್ಯಾಲ ಒಂದು ಮೊಳದ ಮನಿ ಇಟ್ಟು ಅಂತಾಳ:
"ಇದನ್ನ ಹಳೇದು ಮಾಡಿಕೊಡು."

ಎರಡು ವರ್ಷ ಕುಂತು ತಾನ ಕಟ್ಟ್ಯಾಳಂತ.
ಹಣ್ಣಿನ ಪೆಟಗಿ ಹಲಗಿ ಗ್ವಾಡಿ,
ಸ್ಟ್ರಾ ಉದ್ದಕ್ಕ ಸೀಳಿ ಜೋಡಿಸಿದ ಹಂಚು,
ಕಿಡಕಿಗೆ ಸಿಂಪಿನ ಬದಲಿ
ಚೋಣಕ ಮೀನಿನ ಹುರುಪಿ: ತೊಳದು, ಒಣಗಿಸಿ,
ಒಂದೊಂದ ಚೌಕ ಕತ್ತರಿಸಿದ್ದು.
ಬಲ್ಕಾಂವದ ಕಟ್ಟಿ ಮ್ಯಾಲ
ನನ್ನ ಹೆಬ್ಬಟ್ಟ ಕುಂದರಂಗಿಲ್ಲ.
ಎಲ್ಲಾ ಖರೆ. ಆದ್ರ
ಪೇಡೆದ ಡಬ್ಬಿ ಹಂಗ ಹೊಸಾದು.

ನಕ್ಕೆ. ಆಮ್ಯಾಲ ಹೆದರಿದೆ.
ಹಳೇದು ಮಾಡೂದು ನನಗೆಲ್ಲಿ ಬರತೈತಿ?
ನಾ ಅದರ ವೈರಿ.

ಮೊದಲನೇ ದಿನ ಚಾದ ಡಿಕಾಕ್ಷನ್
ಎಲ್ಲಾ ಕಡೆ ಸಮನಾಗಿ ಬಳದೆ.
ಹಳೇದಾಗಲಿಲ್ಲ. ಹೊಲಸಾತು ಅಷ್ಟ.

ರಾತ್ರಿ ಮಕ್ಕೊಂಡಾಗ ಹೊಳೀತು:
ಮನಿಗೆ ವಯಸ್ಸು ಸಮನಾಗಿ ಬರೂದಿಲ್ಲ,
ದಾರಿ ಹಿಡಿದು ಬರತೈತಿ.
ನೀರು ಇಳಿಯೂ ದಾರಿ, ಕೈ ಮುಟ್ಟೂ ದಾರಿ.
ಆ ದಾರಿ ಒಂದೊಂದೂ ನಾ ಮುಚ್ಚಿದವ.
ವೈರಿಗಲ್ಲದ ಮತ್ಯಾರಿಗೆ ಗೊತ್ತಿರತಾವು?

ತೆಂಗಿನ ಶಿರ್ಕಾದಾಗ ಪಾತ್ರಿ ತಿಕ್ಕೂ ತಂತಿ
ಮೂರು ದಿನ ನೆನಸಿಟ್ಟೆ. ಆ ನೀರು ಸವರಿದ್ರ
ಹಸಿ ಹಲಗಿ ಕಣ್ಣೆದುರಿಗೇ ಬೂದಿ ಬಣ್ಣ.
ಬಾಗಲಿಗೆ ಮೊದಲ ಮೇಣದಬತ್ತಿ ತಿಕ್ಕಿ ಬಣ್ಣ ಹಚ್ಚಿದೆ,
ಉಗರಿಲೆ ಕೆದರಿದ್ರ ಹಕ್ಕಳಿ ಹಕ್ಕಳಿ ಏಳಲೆಂತ.
ಕಿಡಕಿ ಕೆಳಗಿನ ಎರಡೂ ಮೂಲಿಯಿಂದ ಹಸರು ಇಳಿಸಿದೆ,
ಎಲಿ ಅಡಕಿ ಹಾಕೊಂಡು ನಿದ್ದಿ ಹೋದವನ
ಬಾಯಿ ಮೂಲಿಯಿಂದ ಇಳಿಯೂ ಹಂಗ.
ಗ್ವಾಡಿ ಬುಡಕ್ಕ ಅರ್ಧ ಬೆರಳು ಕೆಂಪು ಮಣ್ಣು:
ಹಂಚಿನ ನೀರು ಬಿದ್ದು ಸಿಡಿಯೂದು ಅಷ್ಟ ಎತ್ತರ.
ಮೆಟ್ಟಲು ನಡುವ ಸವಸಿದೆ.
ಅಂಚಿಗೆ ಕಾಲಿಡವರು ಯಾರು?

ಉಳದದ್ದು ಒಳಗಿನ ಹಾಲು.

ಈ ಮನಿ ನನಗ ಗೊತ್ತಿತ್ತು.
ಬಾಯಿಗೆ ಅದನ್ನ ಹೇಳಿರಲಿಲ್ಲ.
ಹನ್ನೊಂದು ವರ್ಷದ ಹಿಂದ ಕುಡ್ತರಿಯೊಳಗ
ದಿಲ್ಲಿಯವರು ಕೊಂಡಾಗ ಬಣ್ಣ ಹೊಡದಾವ ನಾನ.
ಹಾಲಿನ ನೀಲಿ ಬಿಸಲಿಗೆ ಸತ್ತು ನೀರು ಮಜ್ಜಗಿ ಆಗಿತ್ತು,
ನಟ್ಟನಡುವ ಒಂದು ಚೌಕ ಮಾತ್ರ
ನಿನ್ನೆ ಹಚ್ಚಿದಂಗ ನೀಲಿ, ಮ್ಯಾಲೊಂದು ಮೊಳಿ.
ಏನು ತೂಗತಿತ್ತೋ, ಯಾರ ಫೋಟೋನೋ
ನಾ ಕೇಳಲಿಲ್ಲ.
ನಿಂಬಿಹಣ್ಣಿನ ಬಣ್ಣ ಎರಡು ಕೋಟು ಹೊಡದೆ.
ಬೆಳಗಾಗೂದ್ರಾಗ ಚೌಕ ಮತ್ತ ಎದ್ದು ಬಂದಿತ್ತು.
ಮೂರನೇ ಕೋಟು ನನ್ನ ಖರ್ಚಿನಾಗ.

ಈಗ ಪುಟ್ಟ ಹಾಲಿನ ನೀಲಿ ಗ್ವಾಡಿಗೆ
ಒಂದು ಪೋಸ್ಟಿನ ತಿಕೀಟು ಅಂಟಿಸಿದೆ.
ಸುತ್ತೆಲ್ಲ ಸುಣ್ಣದ ತಿಳಿ ಸವರಿ,
ಆರಿದ ಮ್ಯಾಲ ತಿಕೀಟು ಕಿತ್ತೆ.
ಮ್ಯಾಲ ಟಾಚಣಿಲೆ ಒಂದು ತೂತು.

ಬಾಯಿ ಚಾಳೀಸು ಏರಿಸಿ ಹಂಚು ನೋಡಿದ್ಲು,
ಮೆಟ್ಟಲಾ ಮುಟ್ಟಿದ್ಲು, ಹಸರು ಮೂಸಿ ನಕ್ಕಳು.
ಆಮ್ಯಾಲ ಬಾಗಿ ಬಾಗಲಿಗೆ ಒಂದು ಕಣ್ಣಿಟ್ಟು
ಹಂಗ ನಿಂತಳು. ಹೊರಗ ಪಾವಿನ ಸೈಕಲ್
ಹಾರ್ನು ಹೊಡದು ಓಣಿ ದಾಟಿ ಹೋತು.

"ಮೊಳಿ," ಅಂದ್ಲು,
"ಇನ್ನೊಂದು ಕೂದಲೆಳಿ ಮ್ಯಾಲ ಇತ್ತು."

ಟಾಚಣಿ ತಗೊಂಡು ಮ್ಯಾಲ ಚುಚ್ಚಿದೆ.
ಮೊದಲಿನ ತೂತು ಮುಚ್ಚಾಕ
ಕೈ ತಾನ ಪುಟ್ಟಿ ಡಬ್ಬಿಗೆ ಹೋತು.
ವಾಪಸ್ ತಗೊಂಡೆ.