ಹದಿನಾಲ್ಕನೆಯ ಮೇಣ

ಹಿಮದ ಮೇಲೆ ಜಾರುವ ಹಲಗೆಗೆ ಬಳಿಯುವ ಮೇಣ.
ಇನಾರಿ ಸರೋವರದ ದಂಡೆಯಲ್ಲಿ
ಮೂವತ್ತು ಚಳಿಗಾಲ ಕಲಕಿದ್ದೇನೆ,
ಏನು ಬೆರೆಸುತ್ತಿದ್ದೇನೆಂದು ತಿಳಿಯದೆ.
ಪೊಟ್ಟಣದ ಮೇಲೆ ಅಂಕಿ ಮಾತ್ರ: ಮೂರು, ಒಂಬತ್ತು, ಹದಿನಾಲ್ಕು.
ಅಳತೆಯ ಚೀಟಿ ಯಲ್ಮಾರಿ ಯಜಮಾನರ ಕಪಾಟಿನಲ್ಲಿ,
ಕೀಲಿ ಅವರ ಅಂಗಿಯೊಳಗೆ, ಎದೆಯ ಬಿಸಿಗೆ.

ಆ ವರ್ಷ ಹಿಮವೇ ಬದಲಾಯಿತು.
ಜನವರಿಯಲ್ಲಿ ಮಳೆ, ಅದರ ಮೇಲೆ ಗಾಜಿನಂಥ ಪದರ.
ಒಳಕೋಣೆಯ ಏಳು ಮಂದಿ ರಸಾಯನದವರು
ಡಬ್ಬಿಯಲ್ಲಿ ತರಿಸಿಟ್ಟ ಹಿಮ ನೋಡಿ
"ಇದು ತಪ್ಪು ಹಿಮ" ಎಂದರು.

ಯಜಮಾನರು ತೀರಿದ ಮೇಲೆ ಮಗಳು ಸಿನಿಕ್ಕ
ಕಪಾಟು ತೆಗೆದಳು. ನಾನೂ ಇಣುಕಿದೆ.
ಹದಿನಾಲ್ಕರ ಚೀಟಿಯ ಕೊನೆಯ ಸಾಲು, ಪೆನ್ಸಿಲಿನಲ್ಲಿ:
"ರಾಳ ಎಷ್ಟೆಂದು ಐಲುವನ್ನೇ ಕೇಳಬೇಕು."
ಐಲು, ಹಿಮಸಾರಂಗ ಕಾಯುವವನು.
ಬಾಗಿಲ ಹೊರಗೆ ನಿಂತು ಒಮ್ಮೆ
ಮೇಣ ಮೂಸಿ ನಕ್ಕದ್ದು ನೆನಪಿದೆ.
ಒಳಗೆ ಬಾ ಅನ್ನಲಿಲ್ಲ ಯಾರೂ.

ಸಿನಿಕ್ಕ ಚೀಟಿಗಳ ನಕಲು ಮಾಡಿ ಊರೂರಿಗೆ ಅಂಚೆಗೆ ಹಾಕಿದಳು.
ಉತ್ತರಗಳು ಬಂದವು: ಶಾಲೆಯ ಹುಡುಗರಿಂದ, ಟಪಾಲು ಹಂಚುವವಳಿಂದ;
ಯಾರೋ ತಮ್ಮೂರ ಹಿಮವನ್ನೇ ಲಕೋಟೆಯಲ್ಲಿ ಕಳಿಸಿದ್ದರು,
ಒದ್ದೆ ಕಾಗದ ಬಂತು.
ಪಕ್ಕದೂರಿನ ಕಾರ್ಖಾನೆಯೂ ಓದಿಕೊಂಡಿತು,
ಹದಿನಾಲ್ಕನ್ನು ಅರ್ಧ ಬೆಲೆಗೆ ಮಾರಿತು.
ನಮ್ಮಲ್ಲಿ ನಾಲ್ವರ ಕೆಲಸ ಹೋಯಿತು.
ಅದನ್ನೂ ಹೇಳಬೇಕು.

ಈಗ ಕಡಾಯಿಯಲ್ಲಿರುವುದಕ್ಕೆ ಇನ್ನೂ ಅಂಕಿಯಿಲ್ಲ.
ಐಲುವಿನ ಮೊಮ್ಮಗಳು ಕೋಲೆತ್ತಿ ಮೂಸಿ
"ಇನ್ನೊಂದು ಚೂರು" ಅನ್ನುತ್ತಾಳೆ, ಕಾರಣವನ್ನೂ ಹೇಳುತ್ತಾಳೆ.
ಕಲಕುತ್ತೇನೆ.
ತಿಳಿದು ಕಲಕುವುದು
ತೋಳಿಗೆ ಯಾಕೋ ಹೆಚ್ಚು ಭಾರ.