ಐದನೆಯ ಬೆರಳು

ಅಳತೆಗೆಂದು ಕಾಗದದ ಮೇಲೆ ಎಡಗೈ ಊರಿದ ಬೊಗುಮಿಲ್.
ಟ್ರಾಮ್ ಓಡಿಸುವ ಕೈ. ಪೆನ್ಸಿಲ್ ಸುತ್ತಿ ಬಂದು
ಕಿರುಬೆರಳಿನ ಜಾಗದಲ್ಲಿ ಎಡವಿತು.

"ಅದನ್ನೂ ಮಾಡು," ಅಂದ. "ಐದು ಬೇಕು."

ಒಂದೂವರೆ ಮಿಲಿಮೀಟರ್ ಉಕ್ಕು, ತೊಗಲ ಪಟ್ಟಿ,
ಒಂದರ ಮೇಲೊಂದು ಸರಿಯುವ ತಗಡು.
ಆರುನೂರು ವರ್ಷ ಹಿಂದಿನ ಕೈಗವಸು,
ಮೊನ್ನೆಯ ಬಿಲ್ಲು.
ಖಾಲಿ ಬೆರಳಿಗೆ ಉಣ್ಣೆ ತುರುಕಿ ಕೊಟ್ಟೆ.

ಜುಲೈ. ಗ್ರುನ್‌ವಾಲ್ಡ್ ಬಯಲು.
ಸುಳ್ಳು ಯುದ್ಧ, ನಿಜವಾದ ಸೆಕೆ.
ಹಲ್ಲಿನ ಡಾಕ್ಟರೊಬ್ಬ ಬೀಸಿದ ಮೊಂಡುಗತ್ತಿ
ಸರಿಯಾಗಿ ಅಲ್ಲಿಗೇ ಬಿತ್ತು.

ಸೋಮವಾರ ರಿಪೇರಿಗೆ ತಂದ.
"ಪುಣ್ಯ, ಒಳಗೇನೂ ಇರಲಿಲ್ಲ," ಅಂದೆ.
"ನೋವಾಯಿತು ಕಣೋ,"
ಅಂದ, ನನ್ನನ್ನಲ್ಲ, ಇಕ್ಕಳವನ್ನು ನೋಡುತ್ತ.

ತಗ್ಗನ್ನು ಹೊರಗಿನಿಂದ ಏಳಿಸಲಾಗದು.
ಉಣ್ಣೆ ಕಿತ್ತು, ಒಳಗೆ ಸಲಾಕೆಯಿಟ್ಟು
ತಟ್ಟಿದೆ,
ಪ್ರತಿ ಪೆಟ್ಟಿಗೂ ಅವನ ಮುಖ ನೋಡಿಕೊಂಡು.