ವಸ್ತಿ ಬಸ್ಸು

ಹತ್ತಕ್ಕ ತೆರೀತದ ನಮ್ಮ ಓಪಿಡಿ.
ಬೆಳ್ಳಟ್ಟಿಯಿಂದ ಬಂದು ಹುಬ್ಬಳ್ಳಿ ಮುಟ್ಟಿ
ಚೀಟಿ ಮಾಡಿಸಿ ಪಾಳಿ ಬರೂತನ ಹನ್ನೆರಡು.
ಅಷ್ಟೊತ್ತಿಗೆ ಹುಡುಗಿ ವರಾಂಡದಾಗ
ಕಂಬ ಹಿಡದು ಗಿರಕಿ ಹೊಡೀತಿರ್ತಾಳ.
"ನೋಡ್ರಿ, ಮುಂಜಾನಿ ಮಾಡಿದ್ದೆಲ್ಲಾ ಸೋಗು" ಅಂತಾಳ ತಾಯಿ.
ಸಾಲಿ ಮಾಸ್ತರಗೂ ಹಂಗ ಅನಿಸಿತ್ತು,
ಪೆನ್ಸಿಲ್ ಹಿಡೀವಲ್ಲಳು ಅಂತ
ಬಾತ ಬೆರಳಿನ ಮ್ಯಾಲ ರೂಲಕಟ್ಟಿಲೆ ಕೊಟ್ಟಿದ್ದ ಎರಡು.

ಡಾಕ್ಟರ್ ಇಂದುಮತಿ ಹಂಪಿಹೊಳಿ ಏನೂ ಅನ್ನಲಿಲ್ಲ.
ಅವತ್ತ ಸಂಜೀಕ ನನ್ನ ಕಡೆ ಥರ್ಮಾಕೋಲ್ ಡಬ್ಬಿ ಬೇಡಿ
ಬರ್ಫ ತುಂಬಿಸಿ ವಸ್ತಿ ಬಸ್ಸು ಹತ್ತಿದರು.
ರಾತ್ರಿ ಊರಾಗ ಮಲಗಿ
ಮುಂಜಾನಿ ಹೊಳ್ಳಿ ಬರೂ ಬಸ್ಸು.
ಕಂಡಕ್ಟರ್ ಗುಡಿ ಕಟ್ಟಿ ಮ್ಯಾಲ,
ಬಾಯಾರು ಹುಡುಗಿ ಮಗ್ಗಲಕ.
ರೋಗ ಎಚ್ಚರಾಗೂ ಹೊತ್ತಿಗೆ ರೋಗದ ಮನ್ಯಾಗಿರಬೇಕು
ಅನ್ನೂದು ಯಾವ ಪುಸ್ತಕದಾಗ ಇತ್ತೋ, ನನಗ ತಿಳೀದು.

ಐದು ನಲವತ್ತಕ್ಕ ಸುವರ್ಣಾ ತಳವಾರ ಕಣ್ಣು ತಗದಳಂತ.
ಮೊಣಕಾಲು ಮಡಚಿದ್ದು ಮಡಚಿಧಂಗ.
ಮುಷ್ಟಿ ಬಿಚ್ಚವಲ್ದು.
ಒಲಿ ಮುಂದ ಕೂಡಿಸಿ ಬಿಸಿನೀರಾಗ ಕೈ ಅದ್ದಿಸಿ
ಅಂಗಿ ಗುಂಡಿ ತಾನ ಹಾಕ್ಕೊಳ್ಳೂತನ
ಬಾಯಾರು ಗಡಿಯಾರ ನೋಡಕೋತ ಸುಮ್ಮನ ಕುಂತರು.
ಐವತ್ತೆರಡು ಮಿನಿಟು. ಡ್ರೈವರ್ ಎರಡು ಸಲ ಹಾರನ್ ಹೊಡದ.
ತಾಯಿ ಗಡಿಯಾರ ನೋಡಿದಳು, ಮಗಳನ್ನ ನೋಡಿದಳು.
ಹಂಚಿನ ಮ್ಯಾಲ ರೊಟ್ಟಿ ಹೊತ್ತಿ ಹೋತು.

ಹಿಂಗ ಇಪ್ಪತ್ತಾರು ವರ್ಷ.
ನೆಟ್ಟಗಿದ್ದ ಕೀಲಿನ ನೀರು ಬೆಲ್ಲದ ಪಾಕಧಂಗ ಎಳಿ ಬಿಡತದ,
ಈ ಕೂಸುಗಳದ್ದು ಬಿಡೂದಿಲ್ಲ, ತೆಳ್ಳಗ ತೊಟ್ಟಿಕ್ಕತದ;
ಸೂಜಿ ಎತ್ತಿ ಹಿಡದು ಅವರ ಕಲಿಸಿದ್ದು.
ಮೈಯಾಗ ಯಾರಿಗೆ ಯಾರ ಮ್ಯಾಲ ಸಿಟ್ಟು, ಯಾಕ?
ಕೇಳಿದರ, "ಅದಕ್ಕ ನದಾಫ, ಈ ಡಬ್ಬಿಗೋಳು" ಅಂತಿದ್ದರು.
ನಲವತ್ತೊಂದು ಕೂಸು ಆದಾಗ ಬರದು ಕಳಿಸಿದ್ದು ಹೊಳ್ಳಿ ಬಂತು:
ಸಂಖ್ಯಾ ಸಾಲದು.
ಚಾ ಮುಗಿಸಿ, ಬಾಯಾರು
ರೋಣದ ವಸ್ತಿ ಬಸ್ಸು ಎಷ್ಟಕ್ಕ ಅಂತ ಕೇಳಿದರು.

ಸವಣೂರಿನ ಇಮಾಮಹುಸೇನನ ಮಾತು ಮಾತ್ರ ತಗೀತಿರಲಿಲ್ಲ.
ಒಂದ ಮೊಣಕಾಲು ಬಾತಿತ್ತು. ಇಳೀತು. ಪೇಢೆ ತಂದಿದ್ದ.
ಕಣ್ಣು ಕೆಂಪಾಗಲಿಲ್ಲ, ನೀರು ಬರಲಿಲ್ಲ, ನೋಯಲಿಲ್ಲ;
ಒಳಗ ಮಂಜು ಕಟ್ಟಿತ್ತು ಆರು ತಿಂಗಳಿಂದ.
ಪತಂಗ ಕಾಣವಲ್ದು ಅಂದಾಗ ಒಂದು ಕಣ್ಣು ಮುಗದಿತ್ತು.
ಅವತ್ತು ಬಾಯಾರು ಊಟಕ್ಕ ಏಳಲಿಲ್ಲ.
ಮರುದಿನದಿಂದ ಯಾವ ಕೂಸು ಕುಂಟಕೋತ ಬಂದರೂ
ಮೊದಲ ಕಣ್ಣಿನ ಖೋಲಿಗೆ.
ಗ್ವಾಡಿಗೆ ಚೀಟಿ ಇಲ್ಲ, ಹುಕುಂ ಇಲ್ಲ,
ಎಲ್ಲಾರಿಗೂ ಗೊತ್ತು.

ಒಮ್ಮೆ ರಾತ್ರಿ ಕರೆಂಟು ಹೋಗಿ ಜನರೇಟರೂ ಕೈ ಕೊಡ್ತು.
"ಬಾಗಿಲ ತಗದರ ಎಲ್ಲಾ ಹೋತು" ಅಂದಿದ್ದರು ಫೋನಿನ್ಯಾಗ.
ಯಾರೂ ತಗೀಬಾರದಂತ ಫ್ರೀಜರಿಗೆ ಬೆನ್ನು ಕೊಟ್ಟು
ಫರಸಿ ಮ್ಯಾಲ ಬೆಳತನಕ ಕುಂತೆ.
ಏಳಾಕ ಹೋದರ ಮೊಣಕಾಲು ನಂದಲ್ಲ.
ಬಾಗಿಲದಾಗ ನಿಂತು ಬಾಯಾರು
ಗಡಿಯಾರ ನೋಡತಿದ್ದರು:
"ನದಾಫ, ಆರು ಮಿನಿಟು."
ನಕ್ಕೆವು. ಆಮ್ಯಾಲ ನಗಲಿಲ್ಲ.

ಹೋದ ತಿಂಗಳು ನಿವೃತ್ತಿ. ಶಾಲು ಹೊದಿಸಿದರು.
"ಉತ್ತರ ಸಿಕ್ತೇನ್ರೀ?" ಅಂದೆ.
"ಅರ್ಧ."
"ಯಾವ ಅರ್ಧ?"
ಶಾಲು ಮಡಚಿ ನನ್ನ ಕೈಯಾಗ ಕೊಟ್ಟು
ಆಟೋ ಹತ್ತಿದರು.

ಹೊಸ ಡಾಕ್ಟರು ಹಳೇ ಚೀಟಿ ಬದಲಸಂದಾರ.
ಬರ್ಫಿನ ಹೊಗಿಯೊಳಗ ಕೈಚೀಲ ಹಾಕ್ಕೊಂಡು ಬರೀತೀನಿ.
ಹೆಸರು ಬರಿಯೂ ಹಂಗಿಲ್ಲ, ನಂಬರಷ್ಟ. ಕಾಯದೆ.
ಹದಿನೇಳು ಅಂತ ಬರಿಯೂ ಮುಂದ
ಬಾಯಾಗ ಅಂದುಕೋತೀನಿ, ಸುವರ್ಣಾ.
ಇಪ್ಪತ್ತೊಂಬತ್ತು ಬಂದಾಗ ಪೆನ್ನು
ಒಂದೀಟು ನಿಂದರತದ.